ಉಡದಾರದ ಚಾವಿ

“ಒಂಬತ್ತಕ್ಕ ಕುಂತಿ, ಹತ್ತಕ್ಕ ಎದ್ದಿ. ನಿನ್ನ ಹೊಟ್ಯಾಗೇನ ಕೃಷ್ಣಾ ಹೊಳಿ ಹರಿತೈತೇನ ಬೇ, ರಂಡೀ?”

ಹೆಂಗಸರ ಕೆಲಸದ ಮೇಲೆ ಕಣ್ಣಿಡುವ ಮುಕಾದಮ ಜ್ಞಾನದೇವ ಹೀಗೆ ಬೈದದ್ದು ಸುಂದ್ರವ್ವನಿಗೆ. ಹೋಳಿ ಹುಣ್ಣಿಮೆ ಮುಗಿದು ಮೂರು ದಿನವಾಗಿತ್ತು. ನಿಪ್ಪಾಣಿಯ ನಮ್ಮ ತಂಬಾಕಿನ ವಖಾರದ ಮಾಡಿನ ತಗಡು ಬೆಳಗಿನ ಹತ್ತಕ್ಕೇ ಕಾಯತೊಡಗಿತ್ತು. ಜರಡಿ ಹಿಡಿದು ಕುಳಿತ ನಲವತ್ತು ಹೆಂಗಸರು ತಲೆ ಎತ್ತಲಿಲ್ಲ. ಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದ ನಾನೂ ಎತ್ತಲಿಲ್ಲ.

ನಾನು ಧೂಳಪ್ಪ, ವಾಚಮನ್. ಹೆಂಗಸರ ಸಂಡಾಸದ ಚಾವಿ ಇಪ್ಪತ್ತಾರು ವರ್ಷದಿಂದ ನನ್ನ ಉಡದಾರದಲ್ಲಿತ್ತು. ಹೋಗಬೇಕಾದವಳು ಎಲ್ಲರೆದುರು ಎದ್ದು ನಿಲ್ಲಬೇಕು, ಮುಕಾದಮ ಗೋಣು ಹಾಕಬೇಕು, ಆಮೇಲೆ ನಾನು ಚಾವಿ ಬಿಚ್ಚಿ ಕೊಡಬೇಕು. ಗೋಣು ಹಾಕದಿದ್ದರೆ ಅವಳು ಮತ್ತೆ ಕೂರಬೇಕು. ಅದಕ್ಕೇ ಹೆಂಗಸರು ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಕುಡಿಯಲು ತುಂಬಿಟ್ಟ ಹರವಿಯ ನೀರು ಸಂಜೆಗೂ ಹಾಗೇ ಉಳಿಯುತ್ತಿತ್ತು. ಅದನ್ನು ನಾನು ಅಂಗಳದ ಬೇವಿನ ಗಿಡಕ್ಕೆ ಹಾಕುತ್ತಿದ್ದೆ. ಗಿಡ ಸೊಂಪಾಗಿ ಬೆಳೆದಿತ್ತು. ಅದೂ ನನ್ನ ಪುಣ್ಯವೇ ಅಂದುಕೊಂಡಿದ್ದೆ.

ನಮ್ಮ ಓಣಿಯಲ್ಲಿ ಸಾವಕಾರರ ಚಾವಿ ಸೊಂಟದಲ್ಲಿದ್ದವನು ನಾನೊಬ್ಬನೇ. ಮದುವೆ ಊಟಕ್ಕೆ ಹೋದರೂ ಅಂಗಿಯನ್ನು ಚೂರು ಮೇಲೆತ್ತಿಕೊಂಡೇ ಕೂರುತ್ತಿದ್ದೆ.

ಆ ವಾರವೇ ಸಾವಕಾರ ಭಾವುಸಾಹೇಬರ ಮಗ, ನಾವು ಸಣ್ಣ ಸಾಹೇಬರು ಎನ್ನುವವರು, ಎಲ್ಲರನ್ನೂ ಕೂಡಿಸಿದರು. ಇನ್ನು ವಖಾರದ ರೀತಿಯೇ ಬದಲಾಗಬೇಕು, ನಾವೆಲ್ಲ ಒಂದು ಕುಟುಂಬ, ಯಾರೂ ಯಾರಿಗೂ ಲೇ, ಬೇ ಅನ್ನಬಾರದು ಅಂದರು. ಮೂರನೇ ಇಯತ್ತೆ ಕಲಿತ ನನ್ನ ಎದೆಗೆ ಒಂದು ಬಿಲ್ಲೆ ಸಿಕ್ಕಿಸಿದರು. ಅದರಲ್ಲಿ ‘ಬದಲಾವಣೆಯ ಮುಂದಾಳು’ ಎಂದಿದೆಯೆಂದು ಓದಿ ಮುಗಿಸಲು ನನಗೆ ಮನೆಯ ದಾರಿಯೆಲ್ಲ ಬೇಕಾಯಿತು.

ಆ ಸಭೆಯಲ್ಲೇ ಸುಂದ್ರವ್ವ ಎದ್ದು ಕೇಳಿದ್ದಳು: “ಕುಟುಂಬ ಅಂದಮ್ಯಾಲ ಸಂಡಾಸಕ್ಕ ಕೀಲಿ ಯಾಕ್ರಿ ಸಾಹೇಬ್ರ? ನನಗ ಸಕ್ರಿ ಬ್ಯಾನಿ ಐತ್ರಿ. ತಡಕೊಳ್ಳಾಕ ಆಗಂಗಿಲ್ಲ.”

“ಅದನ್ನೆಲ್ಲಾ ಮುಂದಾಳು ನೋಡ್ತಾನ,” ಅಂದರು ಸಣ್ಣ ಸಾಹೇಬರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಿಲ್ಲೆ ಸರಿಮಾಡಿಕೊಂಡೆ.

ಹೊರಗೆ ಅವಳು ನನ್ನನ್ನು ಹಿಡಿದು ನಿಲ್ಲಿಸಿದಳು. “ಏನ ಮಾಡ್ತಿ ಕಾಕಾ?”

“ವಿಚಾರ ಮಾಡ್ತೀನವಾ.”

“ಮಾಡು. ಅಲ್ಲೀತನಾ ನಾ ಬಿಗಿ ಹಿಡಕೊಂಡಿರತೀನಿ.”

ಮುಕಾದಮ ಮಾತ್ರ ಮರುದಿನವೇ ಬದಲಾದ. ಅವನ ಬೈಗುಳಕ್ಕೆಲ್ಲ ಮರ್ಯಾದೆ ಬಂತು. “ಕುಂಡ್ರಿ ಅಕ್ಕಾರ. ನಿಮ್ಮ ಉಚ್ಚಿ ನಿಮ್ಮ ಹಂತೇಕನ ಇರಲ್ರಿ.” ಎಂಥ ಸುಧಾರಣೆ ಎಂದು ನಾನು ಮನೆಯಲ್ಲಿ ಹೇಳಿಕೊಂಡೆ.

ಮಂಗಳವಾರ ದೂರದ ಕಂಪನಿಯ ಖರೀದಿದಾರರು ಬಂದರು. ಬಿಲ್ಲೆಯ ಸಮೇತ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದರು. ಸುಂದ್ರವ್ವ ಎದ್ದು ನಿಂತಳು.

“ಪಾವಣ್ಯಾರ ಬಂದಾರ. ಕುಂಡ್ರಿ ಅಕ್ಕಾರ,” ಅಂದ ಮುಕಾದಮ, ನಗುತ್ತಲೇ.

ಅವಳು ಕೂರಲಿಲ್ಲ, ನನ್ನನ್ನು ನೋಡಿದಳು. ನನ್ನ ಕೈ ಉಡದಾರಕ್ಕೆ ಹೋಯಿತು, ಕಣ್ಣು ಮುಕಾದಮನ ಗೋಣಿಗೆ. ಗೋಣು ಅಲ್ಲಾಡಲಿಲ್ಲ. ಅಷ್ಟರಲ್ಲಿ ಬಂದವರು ಹತ್ತಿರವಾದರು. ಉಡದಾರದಲ್ಲಿದ್ದ ಕೈ ಮೇಲೆದ್ದು ಅವರಿಗೆ ನಮಸ್ಕಾರ ಮಾಡಿತು.

ಸುಂದ್ರವ್ವನ ಸೀರೆ ನಿಂತಲ್ಲೇ ತೊಯ್ದಿತು. ಕಾಲಡಿಯ ತಂಬಾಕಿನ ಪುಡಿಯೂ ತೊಯ್ದಿತು.

“ಏನ ಮಾಡಿದ್ರಿ ಅಕ್ಕಾರ. ಒರಸ್ರಿ ಈಗ,” ಅಂದ ಮುಕಾದಮ.

ಅವಳು ನೇರ ನನ್ನ ಬಳಿ ಬಂದಳು. “ಟವೆಲ್ ಕೊಡೋ, ಮುಂದಾಳು.” ನನ್ನ ಹೆಗಲಿನದನ್ನು ತಾನೇ ಎಳೆದುಕೊಂಡು, ನೆಲ ಒರೆಸಿ, ಹಿಂಡಿ, ಮತ್ತೆ ನನ್ನ ಹೆಗಲಿಗೇ ಹಾಕಿದಳು.

“ಚಾವಿ ಅವನ ಹಂತೇಕ ಇರಲಿಲ್ಲ ಕಾಕಾ. ನಿನ್ನ ಹಂತೇಕ ಇತ್ತು.”

ಹಾಗೇ ಗೇಟು ದಾಟಿ ಹೋದಳು.

ಬುಧವಾರ ಎಲ್ಲರಿಗಿಂತ ಮೊದಲು ಹೋದೆ. ದೊಡ್ಡ ಬಂಟನ ಹಾಗೆ ಕಲ್ಲೆತ್ತಿ ಸಂಡಾಸದ ಕೀಲಿಗೆ ಹೊಡೆದೆ. ಮೂರನೆಯ ಏಟು ಹೆಬ್ಬೆರಳಿಗೆ ಬಿತ್ತು. ಬೆರಳನ್ನು ಬಾಯಲ್ಲಿಟ್ಟುಕೊಂಡು ಕುಕ್ಕರಿಸಿದಾಗ ಚಾವಿ ಸೊಂಟಕ್ಕೆ ಚುಚ್ಚಿತು. ಇಪ್ಪತ್ತಾರು ವರ್ಷ ಅದರ ಜೊತೆ ಸಂಸಾರ ಮಾಡಿದವನಿಗೆ, ಯಾರನ್ನೂ ಕೇಳದೆ ಅದರಿಂದ ಬಾಗಿಲು ತೆಗೆಯಬಹುದೆಂದು ಹೊಳೆದಿರಲೇ ಇಲ್ಲ. ತೆಗೆದೆ. ಒಳಗಿನ ಚಿಲಕ ಹಾಗೇ ಬಿಟ್ಟು ಹೊರಗಿನ ಕೊಂಡಿ ಕಿತ್ತೆ. ಕೊಂಡಿ, ಕೀಲಿ, ಚಾವಿ, ಬಿಲ್ಲೆ, ನಾಲ್ಕನ್ನೂ ಸಂಡಾಸದ ಗುಂಡಿಗೆ ಹಾಕಿದೆ.

“ಇನ್ನ ಯಾರನ್ನೂ ಕೇಳಬ್ಯಾಡ್ರಿ,” ಎಂದು ಬಂದ ಹೆಂಗಸರಿಗೆ ಹೇಳಿದೆ. ನನ್ನ ಮಾತನ್ನು ಯಾರು ನಂಬುತ್ತಾರೆ? ಕೊನೆಗೆ ಅವರಲ್ಲೊಬ್ಬಳು, ಮಲಕವ್ವ, ಎದ್ದು ಹೋಗಿ ಬಂದಳು. ಬಂದವಳೇ ಹರವಿಯಿಂದ ಎರಡು ತಂಬಿಗೆ ನೀರು ಕುಡಿದಳು. ಆಮೇಲೆ ಒಬ್ಬೊಬ್ಬರೇ ಎದ್ದರು.

“ಯಾರನ್ನ ಕೇಳಿ ಎದ್ರಿ?” ಅಂದ ಮುಕಾದಮ.

“ಉಚ್ಚಿನ್ನ ಕೇಳೇವ್ರಿ,” ಅಂದಳು ಮಲಕವ್ವ.

ಹತ್ತಕ್ಕೆಲ್ಲ ಹರವಿ ಬರಿದು. ಮುಂದಾಳು ದಿನವಿಡೀ ನೀರು ಹೊತ್ತ.

ಸಂಜೆ ಸುಂದ್ರವ್ವನ ಮನೆಗೆ ಹೋದೆ. “ಕೀಲಿ ಕಿತ್ತೇನವಾ. ಬಾಗಲಾ ತಗಿ.”

ಒಳಗಿನಿಂದಲೇ ಕೇಳಿದಳು: “ಮುಕಾದಮ ಗೋಣ ಹಾಕ್ಯಾನೇನ ಕಾಕಾ?”

ಬಾಗಿಲು ತೆರೆಯಲಿಲ್ಲ.

ಶುಕ್ರವಾರ ಹೊಸ ಕೊಂಡಿ ಕೂಡಿಸಲು ಬಡಿಗ ಬಂದ. ಸಂಡಾಸದೊಳಗೆ ಒಬ್ಬಳಿದ್ದಳು. ಅವಳು ಬರುವಷ್ಟರಲ್ಲಿ ಇನ್ನೊಬ್ಬಳು ಒಳಗೆ. ಅವಳ ಹಿಂದೆ ಮತ್ತೊಬ್ಬಳು, ಕೈಯಲ್ಲಿ ತಂಬಿಗೆ, ಇನ್ನೂ ಕುಡಿಯುತ್ತಲೇ. ಬಡಿಗ ಬೇವಿನ ನೆರಳಲ್ಲಿ ಒಂದು ನಿದ್ದೆ ತೆಗೆದ.

ಮಂಗಳವಾರ ಸುಂದ್ರವ್ವ ಹೋದಳು. ಶುಕ್ರವಾರ ಬಡಿಗ, ಕೊಂಡಿಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಶನಿವಾರ ನನ್ನನ್ನು ಕಳಿಸಿದರು. ಬಿಲ್ಲೆ ವಾಪಸು ಕೊಡು ಅಂದರು. ಎಲ್ಲಿದೆ ಎಂದು ಹೇಳಿ ಬಂದೆ.