ಹಣೆಯಿಂದ ಕೇಳಿದ ಬೆಲ್ಲ

ಕಾರಟಗಿಯಿಂದ ಸ್ವಲ್ಪ ದೂರದಲ್ಲಿ ಕಾಲುವೆ ಬದಿಯ ಒಂದು ಊರು. ಆ ಊರಿನ ಕೊನೆಯ ಓಣಿಯಲ್ಲಿ ಮಾಳವ್ವನ ಮನೆ. ದಿನಾ ದೀಪ ಹಚ್ಚುವ ಹೊತ್ತಿಗೆ ಆ ಮನೆಯಿಂದ ಧಪ್, ಧಪ್ ಎಂದು ಸದ್ದು ಬರುತ್ತಿತ್ತು. ಹೊಸಬರು ಕೇಳಿದರೆ ಯಾರೋ ಖಾರ ಕುಟ್ಟುತ್ತಿದ್ದಾರೆ ಅಂದುಕೊಳ್ಳಬೇಕು. ಓಣಿಯವರಿಗೆ ಗೊತ್ತಿತ್ತು. ಅದು ಮಾಳವ್ವನ ಮೊಮ್ಮಗ ಮಾಂತೇಶ ಗೋಡೆಗೆ ಹಣೆ ಹೊಡೆದುಕೊಳ್ಳುವ ಸದ್ದು.

ಮಾಂತೇಶನಿಗೆ ಎಂಟು ವರ್ಷ. ಕಿವಿ ಕೇಳುತ್ತಿತ್ತು, ಕಣ್ಣು ಚುರುಕಾಗಿತ್ತು, ಮಾತು ಮಾತ್ರ ಬಂದಿರಲಿಲ್ಲ. ಮಾತು ಬರಲೆಂದು ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ಗಿಳಿ ಕಚ್ಚಿದ ಪೇರಲಹಣ್ಣು ತಿನ್ನಿಸಿದ್ದಾಯಿತು. ಹಣೆಯ ಗಾಯವಂತೂ ಮಾಯುವ ಮೊದಲೇ ಮತ್ತೆ ಒಡೆಯುತ್ತಿತ್ತು. ಮಾಳವ್ವ ಅದಕ್ಕೆ ಅರಿಶಿಣ ಮೆತ್ತುತ್ತಿದ್ದಳು. ಗೋಡೆಯ ಮೇಲೂ ಅರಿಶಿಣದ ಕಲೆ ಉಳಿದಿತ್ತು, ಹುಡುಗನ ಹಣೆಯ ಎತ್ತರಕ್ಕೆ.

ಮಾಳವ್ವನ ಮಗ ಯಮನೂರಪ್ಪ ಅಕ್ಕಿ ಮಿಲ್ಲಿನಲ್ಲಿ ಹಮಾಲ. ಒಂದು ದಿನ ಅವನು ಹೊಸ ಹಗ್ಗ ತಂದ.

"ಇದ್ಯಾಕಪಾ?" ಅಂದಳು ಮಾಳವ್ವ.

"ನಾಟಿ ಶುರು ಆದ್ರ ಭವಾನಿ ಕೂಲಿಗೆ ಹೋಗ್ತಾಳ. ನೀ ಒಬ್ಬಾಕಿ ಇವನ್ನ ಹಿಡೀತಿಯೇನಬೇ? ಕಂಬಕ್ಕ ಕಟ್ಟೂಣು. ತಲಿ ಗ್ವಾಡಿಗೆ ಮುಟ್ಟಬಾರದು, ಅಷ್ಟ."

"ಅಂವೇನು ದನಾ ಏನೋ?"

"ದನಾ ಆಗಿದ್ರ ನನಗ ಇಷ್ಟು ಚಿಂತಿ ಇರ್ತಿದ್ದಿಲ್ಲ ಬಿಡು."

ಹಗ್ಗವನ್ನು ಗೂಟಕ್ಕೆ ಹಾಕಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವನ ಹೆಂಡತಿ ಭವಾನಿ ಒಲೆಯ ಮುಂದೆ ಕೂತು ಮೂಗು ಒರೆಸಿಕೊಂಡಳು. ಇಬ್ಬರಿಗೂ ಮಗನ ಮೇಲೆ ಪ್ರೀತಿ ಇಲ್ಲವೆಂದಲ್ಲ. ಇಬ್ಬರಿಗೂ ಸಾಕಾಗಿತ್ತು.

ಆಗ ಆ ಮನೆಗೆ ವಾರಕ್ಕೊಮ್ಮೆ ರಂಜಿತಾ ಬರುತ್ತಿದ್ದಳು. ಗಂಗಾವತಿಯ ಒಂದು ಮಕ್ಕಳ ಕೇಂದ್ರದಲ್ಲಿ ಅವಳಿಗೆ ಕೆಲಸ. ಮನಸ್ಸಿನ, ನಡವಳಿಕೆಯ ತೊಂದರೆ ಇರುವ ಮಕ್ಕಳ ಮನೆಗೆ ಹೋಗಬೇಕು. ಮಗು ಯಾವಾಗ ಸಿಟ್ಟಾಗುತ್ತದೆ, ಯಾಕೆ ಆಗುತ್ತದೆ ಎಂದು ಕೂತು ನೋಡಬೇಕು. ಡಾಕ್ಟರು ಹೇಳಿದ್ದನ್ನು ಮನೆಯವರಿಗೆ ಮಾಡಿ ತೋರಿಸಬೇಕು. ಓಣಿಯವರು ಅವಳನ್ನು "ಹುಚ್ಚರ ದವಾಖಾನಿ ಹುಡುಗಿ" ಅನ್ನುತ್ತಿದ್ದರು. ಮಾಳವ್ವನಿಗೂ ನಂಬಿಕೆ ಇರಲಿಲ್ಲ.

"ಬರ್ತಾಳ, ಹುಡುಗನ ಸಂಗಾಟ ಆಡ್ತಾಳ, ಹೋಗ್ತಾಳ. ಇದಕ್ಕ ಪಗಾರ ಬ್ಯಾರೆ ಕೊಡ್ತಾರಂತ!" ಎಂದು ಪಕ್ಕದ ಮನೆಯ ಸೈದಾನಬಿಯ ಮುಂದೆ ಹೇಳಿದ್ದಳು.

"ನನ್ನೂ ಕರ್ಕೊಳ್ತಾರೇನು ಕೇಳಬೇ. ನಾನೂ ಆಡ್ತೀನಿ," ಅಂದಿದ್ದಳು ಸೈದಾನಬಿ.

ಡಾಕ್ಟರು ಹುಡುಗನ ಕಿವಿ, ಹಲ್ಲು ಎಲ್ಲ ನೋಡಿ, ನೋವೇನೂ ಇಲ್ಲ, ಇದು ಆಟಿಸಂ, ಹುಟ್ಟಿನಿಂದಲೇ ಮಿದುಳು ಬೇರೆ ಥರ ಬೆಳೆಯುವ ಸ್ಥಿತಿ ಅಂದಿದ್ದರು. ಬೇಕಾದ್ದನ್ನು ಬೆರಳಿಟ್ಟು ತೋರಿಸಲಿ ಎಂದು ರಂಜಿತಾ ಚಿತ್ರದ ಕಾರ್ಡು ತಂದು ತೋರಿಸಿದಳು. ಮಾಂತೇಶ ಕಾರ್ಡು ಅಗಿದು ಉಗುಳಿದ. "ಹೊಡ್ಕೊಂಡಾಗ ಏನೂ ಕೊಟ್ಟು ಸುಮ್ಮನ ಮಾಡಬ್ಯಾಡ್ರಿ," ಅಂತಲೂ ಹೇಳಿದಳು. ಮಾಳವ್ವ ತಲೆ ಆಡಿಸಿದಳು. ತಲೆ ಆಡಿಸಿದರೆ ಆ ಹುಡುಗಿ ಬೇಗ ಹೋಗುತ್ತಾಳೆ ಎಂದು ಆಡಿಸಿದಳು.

ರಂಜಿತಾ ಯಾವಾಗಲೂ ಮಧ್ಯಾಹ್ನ ಬಂದು ಬಿಸಿಲು ಇಳಿಯುವ ಮೊದಲೇ ಬಸ್ಸು ಹಿಡಿಯುತ್ತಿದ್ದಳು. ಒಂದು ದಿನ ದಾರಿಯಲ್ಲಿ ಬಸ್ಸು ಕೆಟ್ಟಿತು. ಕಾಲುವೆ ದಂಡೆ ಹಿಡಿದು ನಡೆದು ಬರುವಷ್ಟರಲ್ಲಿ ಹೊತ್ತು ಮುಳುಗಲು ಬಂದಿತ್ತು. ಬಂದವಳೇ ಕಟ್ಟೆಯ ಮೇಲೆ ಕೂತು ಕಂಬಕ್ಕೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಪಾದದ ತುಂಬ ಧೂಳು. ಮಾಳವ್ವ ನೀರು ತಂದು ಕೊಟ್ಟಳು.

"ಸಾಕಾಗೇತೇನವಾ?"

"ಸಾಕಾಗೇತಿ ಯಮ್ಮಾ. ಬರೇ ಇವತ್ತಿಂದಲ್ಲ. ಹೋದ ಮನ್ಯಾಗೆಲ್ಲಾ 'ಬಂದ್ಲು ನೋಡ' ಅಂತಾರ. ಹುಡುಗರು ಕಡೀತಾರ. ಮನಿಗೆ ಹೋದ್ರ ನನ್ನ ಮಗಳು, 'ಅವರ ಸಂಗಾಟ ಆಡಿ ಬಂದೀದಿ, ನನ್ನ ಸಂಗಾಟ ಯಾವಾಗ ಆಡ್ತಿ' ಅಂತಾಳ."

"ಹಂಗಾದ್ರ ಬಿಟ್ಟಬಿಡವಾ."

"ದಿನಾ ಸಂಜಿಕೆ ಬಿಡ್ತೀನಿ. ಮತ್ತ ಮುಂಜಾನಿ ಬಸ್ಸಿಗೆ ನಿಂತಿರ್ತೀನಿ."

ದೀಪದ ಹೊತ್ತಾಗಿತ್ತು. ಮಾಳವ್ವ ಕೈಕಾಲು ತೊಳೆದು, ಹೊಸ್ತಿಲಿಗೆ ನೀರು ಹಾಕಿ, ಕಡ್ಡಿ ಗೀರಿದಳು. ಮೊರದ ಅಕ್ಕಿಯಲ್ಲಿ ಬೆರಳಾಡಿಸುತ್ತ ಕೂತಿದ್ದ ಮಾಂತೇಶ ಎದ್ದ. ನೆಟ್ಟಗೆ ಗೋಡೆಗೆ ಹೋದ. ಧಪ್, ಧಪ್. ಮಾಳವ್ವ ಓಡಿ ಹೋಗಿ ಸೆರಗಿನ ಗಂಟು ಬಿಚ್ಚಿ ಅವನ ಬಾಯಿಗೆ ಒಂದು ಚೂರು ಬೆಲ್ಲ ಇಟ್ಟಳು. ಸದ್ದು ನಿಂತಿತು.

ರಂಜಿತಾ ಕಣ್ಣು ತೆರೆದಿದ್ದಳು.

"ಯಮ್ಮಾ, ದಿನಾ ಹಿಂಗ ಬೆಲ್ಲ ಕೊಡ್ತೀರೇನು?"

ಬೈಯುತ್ತಾಳೆ ಎಂದು ಮಾಳವ್ವ ಮೊದಲೇ ದನಿ ಏರಿಸಿದಳು. "ಮತ್ತೇನು ಮಾಡ್ಲಿ? ದೀಪ ಹಚ್ಚಿದ ಹೊತ್ತಿನ್ಯಾಗ ಮನ್ಯಾಗ ಕೂಸು ಅಳಬಾರದು, ಲಕ್ಷ್ಮಿ ಹೊಳ್ಳಿ ಹೋಗ್ತಾಳಂತ ನಮ್ಮತ್ತಿ ಹೇಳ್ಯಾಳ. ನಮ್ಮತ್ತಿಗೆ ಅವರತ್ತಿ ಹೇಳ್ಯಾಳ. ನೀ ನಿನ್ನೆ ಮೊನ್ನೆ ಬಂದಾಕಿ."

ರಂಜಿತಾ ಬೈಯಲಿಲ್ಲ. "ನಾಳೆ ಇದ ಹೊತ್ತಿಗೆ ಮತ್ತ ಬರ್ತೀನಿ. ಅವನ ಹಣಿ ನೋಡಬ್ಯಾಡ್ರಿ, ಕಣ್ಣು ನೋಡ್ರಿ," ಅಂದಳು.

ಮರುದಿನ ಮಾಳವ್ವ ಕಡ್ಡಿ ಗೀರಿ, ದೀಪ ಬಿಟ್ಟು ಮೊಮ್ಮಗನ ಕಣ್ಣು ನೋಡಿದಳು. ಮಾಂತೇಶ ಮೊದಲು ಅವಳ ಸೆರಗು ನೋಡಿದ. ಆಮೇಲೆ ಗೋಡೆಗೆ ಹೋದ. ಒಂದು ಸಲ ಹೊಡೆದುಕೊಂಡು ತಿರುಗಿ ಸೆರಗಿನ ಗಂಟು ನೋಡಿದ. ಮತ್ತೊಂದು ಸಲ ಹೊಡೆದುಕೊಂಡು ಮತ್ತೆ ನೋಡಿದ.

ಮಾಳವ್ವ ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಅಯ್ಯ ಶಿವನ... ನಾನ ಕಲಿಸಿದ್ನೇನವಾ ಇದನ್ನ?"

"ಯಾರೂ ಕಲಿಸಿಲ್ಲ ಯಮ್ಮಾ. ಮಾತಿಲ್ಲದ ಹುಡುಗ. ಬೆಲ್ಲ ಬೇಕು ಅನ್ನಾಕ ಅವಂಗ ಸಿಕ್ಕಿದ್ದು ಹಣಿ ಒಂದ. ಹಣಿಲೆ ಕೇಳಾಕತ್ತಾನ. ತಪ್ಪು ನಂದೂ ಐತಿ. ಕೊಡಬ್ಯಾಡ್ರಿ ಅಂದೆ, ಯಾಕ ಕೊಡ್ತೀರಿ ಅಂತ ಕೇಳಲಿಲ್ಲ."

ಆ ಸಂಜೆಯೇ ರಂಜಿತಾ ಮಾಡಿ ತೋರಿಸಿದಳು. ಕಡ್ಡಿ ಗೀರುವ ಮೊದಲೇ ಹುಡುಗನ ಮುಂದೆ ಕೂಡಬೇಕು. ಅವನ ಅಂಗೈ ಬಿಡಿಸಿ ಮುಂದೆ ಚಾಚಿಸಬೇಕು. ಚಾಚಿದ ಕೂಡಲೇ ಶೇಂಗಾ ಕಾಳಿನಷ್ಟು ಬೆಲ್ಲ ಕೈಗೆ. ಗೋಡೆಗೆ ಹೋದರೆ ಹೊದೆಯುವ ಕೌದಿ ಮಡಚಿ ತಲೆಗೂ ಗೋಡೆಗೂ ನಡುವೆ ಹಿಡಿಯಬೇಕು. ಬೈಯಬಾರದು, ಹೊಡೆಯಬಾರದು, ಬೆಲ್ಲ ಕೊಡಬಾರದು. ಕೈ ಚಾಚಿದಾಗ ಮಾತ್ರ ಕೊಡಬೇಕು.

"ಮೊದಮೊದ್ಲು ಜಾಸ್ತಿ ಹೊಡ್ಕೊಳ್ತಾನ್ರಿ. ಹೆದರಬ್ಯಾಡ್ರಿ. ಗಾಯ ದೊಡ್ಡದಾದ್ರ, ವಾಂತಿ ಆದ್ರ ದವಾಖಾನಿಗೆ ಓಡ್ರಿ, ನನಗ ಫೋನ್ ಹಚ್ರಿ."

"ಅಲ್ಲೀತನಕ ಅವ ಅತ್ರ? ಲಕ್ಷ್ಮಿ?"

ಅಡ್ಡಗೋಡೆಯ ಆಚೆ ನಿಂತು ಎಲ್ಲ ಕೇಳುತ್ತಿದ್ದ ಸೈದಾನಬಿ ಸುಮ್ಮನಿರಲಿಲ್ಲ. "ಮಾಳಕ್ಕ, ನಿಮ್ಮ ಲಕ್ಷ್ಮವ್ವ ತಾಯಿ ಹೌದೋ ಅಲ್ಲೋ? ಕೂಸು ಅತ್ರ ತಾಯಿ ಒಳಗ ಬರ್ತಾಳೋ, ಹೊರಗ ಹೋಗ್ತಾಳೋ? ಯಮನೂರ ಸಣ್ಣಾಂವ ಇದ್ದಾಗ ಓಣಿ ಹಾರಿಹೋಗೂವಂಗ ಅಳ್ತಿದ್ದ. ನೀ ಎಲ್ಲಿಗೆ ಓಡಿ ಹೋಗಿದ್ದಿ?"

ಮಾಳವ್ವನಿಗೆ ನಗು ಬಂತು. ಅಷ್ಟಾದರೂ ಮನಸ್ಸು ಪೂರ್ತಿ ಒಪ್ಪಲಿಲ್ಲ.

ಮುಂದಿನ ದಿನಗಳು ಭಾಳ ಕಷ್ಟದವು. ರಂಜಿತಾ ಹೇಳಿದಂತೆ ಸದ್ದು ಜೋರಾಯಿತು. ಮಾಂತೇಶ ಕೌದಿ ಕಿತ್ತೆಸೆಯುತ್ತಿದ್ದ. ಮಾಳವ್ವ ಮತ್ತೆ ಹಿಡಿಯುತ್ತಿದ್ದಳು. ಕೌದಿಯ ಹಿಂದೆ ಅವಳ ಕೈ ಗೋಡೆಗೆ ತಾಗಿ ತಾಗಿ ಬೆರಳ ಗೆಣ್ಣು ಬಾತವು. ದೀಪ ಒಂದು ಕಡೆ, ಅಳು ಒಂದು ಕಡೆ. ಸೆರಗಿನ ಗಂಟಿನ ಕಡೆ ಅವಳ ಕೈ ತಾನಾಗಿಯೇ ಹೋಗುತ್ತಿತ್ತು. ಮತ್ತೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಒಂದು ಸಂಜೆ ಯಮನೂರಪ್ಪ ಗೂಟದಿಂದ ಹಗ್ಗ ತೆಗೆದೇಬಿಟ್ಟ. "ನಿನ್ನ ಮೇಡಂನ ಮಾತು ಕೇಳ್ಕೊಂತ ಕುಂತ್ರ ಹುಡುಗ ಉಳಿಯಂಗಿಲ್ಲಬೇ."

"ನಾಟಿ ಶುರು ಆದ್ರ ಕಟ್ಟೂಣು ಅಂದಿದ್ದಿ. ಶುರು ಆಗೇತೇನು?"

"ಇಲ್ಲ."

"ಹಂಗಾರ ಹಗ್ಗ ಗೂಟಕ್ಕ ಹಾಕು. ಬಾ, ಈ ಕೌದಿ ತುದಿ ಹಿಡಿ. ನನ್ನ ಕೈ ಬಿದ್ದುಹೋಗ್ಯಾವು."

ಅವನು ಹಿಡಿದ. ಮರುದಿನ ತನ್ನ ಪಾಳಿಯ ದಿನವಲ್ಲದಿದ್ದರೂ ರಂಜಿತಾ ಬಂದಳು. ಅವಳೂ ಒಂದು ತುದಿ ಹಿಡಿದಳು.

ಕಾಲುವೆಗೆ ನೀರು ಬಂತು. ನಾಳೆಯಿಂದ ನಾಟಿ. ಹಗ್ಗ ಗೂಟದಲ್ಲೇ ಇತ್ತು. ಆ ಸಂಜೆ ಮಾಳವ್ವ ಕಡ್ಡಿಪೆಟ್ಟಿಗೆ ಹಿಡಿದು ದೀಪದ ಮುಂದೆ ಬಂದಳು. ಮಾಂತೇಶ ಅವಳ ಸೆರಗು ನೋಡಿದ. ಗೋಡೆ ನೋಡಿದ. ಆಮೇಲೆ ಮೆಲ್ಲಗೆ ಬಂದು ಅವಳ ಮುಂದೆ ಕೂತು ಅಂಗೈ ಚಾಚಿದ. ಯಾರೂ ಅವನ ಕೈ ಹಿಡಿದಿರಲಿಲ್ಲ.

ಮಾಳವ್ವ ಗಂಟಿಗೆ ಕೈ ಹಾಕಿದಳು. ಗಂಟು ಖಾಲಿ. ಡಬ್ಬಿ ನೋಡಿದಳು. ಡಬ್ಬಿಯಲ್ಲೂ ಬೆಲ್ಲ ಮುಗಿದಿತ್ತು.

ಆ ಪುಟ್ಟ ಕೈ ಚಾಚಿಯೇ ಇತ್ತು. ಇವತ್ತು ಕೈ ಕೇಳಿದ್ದಕ್ಕೆ ಉತ್ತರ ಸಿಗದಿದ್ದರೆ ನಾಳೆ ಮತ್ತೆ ಹಣೆಯೇ ಕೇಳುತ್ತದೆ. ಮಾಳವ್ವನಿಗೆ ಅದು ಯಾರೂ ಹೇಳದೆ ತಿಳಿಯಿತು. ಕಡ್ಡಿಪೆಟ್ಟಿಗೆ ನೆಲಕ್ಕಿಟ್ಟು, ಮೊಣಕಾಲು ನೋವು ಮರೆತು, ಸೈದಾನಬಿಯ ಬಾಗಿಲಿಗೆ ಓಡಿದಳು. ದೀಪದ ಹೊತ್ತಿನಲ್ಲಿ ಇನ್ನೊಬ್ಬರ ಮನೆಯಲ್ಲಿ ಏನನ್ನೂ ಕೇಳಬಾರದು ಎಂದು ಇಷ್ಟು ವರ್ಷ ನಡೆದುಕೊಂಡು ಬಂದವಳು ಅವಳು.

"ಸೈದಾನಬೀ, ಬೆಲ್ಲ ಕೊಡಬೇ!"

"ಈ ಹೊತ್ತಿನ್ಯಾಗ? ನೀ ಕೇಳಾಕತ್ತೀಯೇನು?"

"ಆಮ್ಯಾಲ ಬೈಯೂವಂತಿ. ಹುಡುಗ ಕೈ ಚಾಚ್ಯಾನ!"

ಸೈದಾನಬಿ ಹಂಚಿನ ಮೇಲಿನ ರೊಟ್ಟಿ ಅಲ್ಲೇ ಬಿಟ್ಟು ಒಂದು ಹೆಂಟೆ ಬೆಲ್ಲ ತಂದು ಅವಳ ಕೈಗೆ ತುರುಕಿದಳು.

ಮಾಳವ್ವ ತಿರುಗಿ ಬಂದಾಗ ಯಮನೂರಪ್ಪ ತೌಡಿನ ಧೂಳು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ. "ಯವ್ವಾ, ದೀಪ ಯಾಕ ಹಚ್ಚಿಲ್ಲ?"

"ತಡಿಯಪಾ. ಮೊದ್ಲ ಇವಂಗ ಕೊಡ್ತೀನಿ."

ಮಸುಕು ಕತ್ತಲೆಯಲ್ಲಿ ಮಾಂತೇಶ ಹಾಗೆಯೇ ಕೈ ಚಾಚಿ ಕೂತಿದ್ದ. ಬೆಲ್ಲ ಕೈಗೆ ಬಿತ್ತು. ಅವನು ತಿಂದ. ಆಮೇಲೆ ಮಾಳವ್ವ ದೀಪ ಹಚ್ಚಿದಳು. ಅವಳ ಜೀವಮಾನದಲ್ಲಿ ಆ ಮನೆಯ ದೀಪ ತಡವಾದದ್ದು ಅದೇ ಮೊದಲು. ಗೋಡೆ ಸುಮ್ಮನಿತ್ತು.

ಯಮನೂರಪ್ಪ ಗೂಟದ ಹಗ್ಗ ತೆಗೆದುಕೊಂಡು ಹೊರಗೆ ಹೋಗಿ ಎಮ್ಮೆಯ ಕರುವಿಗೆ ಕಟ್ಟಿದ.

ಮಾಂತೇಶನಿಗೆ ಈಗಲೂ ಮಾತು ಬಂದಿಲ್ಲ. ಮೆರವಣಿಗೆಯ ಸದ್ದು ಜೋರಾದರೆ ಈಗಲೂ ಒಮ್ಮೊಮ್ಮೆ ಗೋಡೆಗೆ ಹೋಗುತ್ತಾನೆ. ಆದರೆ ನೀರಿಗೆ, ಊಟಕ್ಕೆ, ಅಕ್ಕಿಯ ಮೊರಕ್ಕೆ ಕೈ ಚಾಚುತ್ತಾನೆ. ಹಣೆಯ ಗಾಯ ಮಾಯ್ದಿದೆ. ರಂಜಿತಾ ಈಗಲೂ ಬರುತ್ತಾಳೆ, ಈಗಲೂ ದಣಿದೇ ಬರುತ್ತಾಳೆ. ಅವಳು ಕಟ್ಟೆಗೆ ಬರುವ ಮೊದಲೇ ಮಾಳವ್ವ ಒಂದು ಚೊಂಬು ನೀರು ತಂದಿಟ್ಟಿರುತ್ತಾಳೆ.

ಓದುವ ಅಕ್ಕ ತಂಗಿಯರೇ, ಕೇಳುವ ಅಣ್ಣ ತಮ್ಮಂದಿರೇ, ನಿಮ್ಮ ಓಣಿಯಲ್ಲೂ ಇಂಥ ಸದ್ದು ಇರಬಹುದು. ತಲೆ ಬಡಿದುಕೊಳ್ಳುವ, ಕೈ ಕಚ್ಚಿಕೊಳ್ಳುವ ಸಣ್ಣ ಮಗು ಇರಬಹುದು. ಮಾತು ಬಿಟ್ಟು ಮೂಲೆ ಹಿಡಿದ ಹರೆಯದ ಹುಡುಗಿ ಇರಬಹುದು. ಒಂದು ಮಗು ಬೇಕಾದ್ದನ್ನು ಹೀಗೆ ಕೇಳುತ್ತದೆ, ಇನ್ನೊಂದು ನೋವಿನಿಂದ, ಮತ್ತೊಂದು ಅಂಜಿಕೆಯಿಂದ ಹೀಗೆ ಮಾಡುತ್ತದೆ. ಯಾವುದು ಎಂದು ತಿಳಿದವರು ನೋಡಬೇಕು. ಕಟ್ಟಬೇಡಿ, ಹೊಡೆಯಬೇಡಿ, ಮುಚ್ಚಿಡಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ, ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೋಗಲು ಆಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡು ಬೀಳುವುದಿಲ್ಲ.

ರಂಜಿತಾಳಂಥವರು ನಿಮ್ಮ ಕಟ್ಟೆಗೆ ಬಂದರೆ ಸುಮ್ಮನೆ ತಲೆ ಆಡಿಸಿ ಕಳಿಸಬೇಡಿ. ಮನೆಯಲ್ಲಿ ನಡೆಯುವುದನ್ನು ನಡೆದ ಹಾಗೆ ಹೇಳಿ. ಇವತ್ತು ಸಂಜೆ ದೀಪ ಹಚ್ಚುವ ಮೊದಲು ಒಮ್ಮೆ ನಿಮ್ಮ ಮಗುವಿನ ಕಣ್ಣು ನೋಡಿ. ದೀಪ ಸ್ವಲ್ಪ ತಡವಾದರೂ ಚಿಂತೆಯಿಲ್ಲ.