ಮೀನಿಗೆ ಮಾತ್ರ ಡೈರೆಕ್ಟ್ರು

ಸೆವೆರಿನ್‌ನ ಬಾಯಿಗೆ ಬೀಳದ ಪೋಲೆಂಡಿನವರು ಸ್ಕಾಟ್ಲೆಂಡಿನ ನಮ್ಮ ಪೀಟರ್‌ಹೆಡ್‌ನಲ್ಲಿ ಯಾರೂ ಇಲ್ಲ. ವಾರವೆಲ್ಲ ನಮ್ಮ ಜೊತೆ ಕಾರ್ಖಾನೆಯಲ್ಲಿ ಮೀನು ಕೊಯ್ಯುತ್ತಾನೆ. ಭಾನುವಾರ ನಾವು ಸೇರುವ ಹಾಲ್‌ನಲ್ಲಿ ಅಕಾರ್ಡಿಯನ್ ಹಿಡಿದು ನಮ್ಮನ್ನೇ ಕೊಯ್ಯುತ್ತಾನೆ. ಯಾರ ಹೆಸರಿನ ಸಂತನ ಹಬ್ಬವೋ ಅವತ್ತು ಅವರ ಮೇಲೊಂದು ಹಾಡು ಆಗಲೇಬೇಕು.

ಒಂದು ಸಲ, ನಮ್ಮ ಜೊತೆಯೇ ಮೀನು ಕೊಯ್ಯುವ ಬೋಗುಮಿಲ್‌ನ ಹಬ್ಬ. ಅವನ ತಾಯಿ ತೆಕ್ಲಾ ದೊಡ್ಡಮ್ಮ, ಪೋಲೆಂಡಿನಲ್ಲಿ ನನ್ನೂರಿನವರೇ, ಸೂಟ್‌ಕೇಸ್ ತುಂಬ ಸಾಸೇಜ್ ಹೊತ್ತುಕೊಂಡು ಬಂದಿಳಿದಿದ್ದರು. ತಾನು ಕಾರ್ಖಾನೆಯ ಡೈರೆಕ್ಟರ್ ಎಂದು ಅವನು ಅವರಿಗೆ ಫೋನಿನಲ್ಲಿ ಬುರುಡೆ ಬಿಟ್ಟಿದ್ದ. ಅದರ ಮೇಲೆ ಸೆವೆರಿನ್ ಕಟ್ಟಿದ ಹಾಡು ಆಗಲೇ ನಮ್ಮೆಲ್ಲರ ಬಾಯಲ್ಲಿತ್ತು.

"ಇವತ್ತೊಂದಿನ ಆ ಹಾಡು ಬೇಡ ಮಾರಾಯ," ಬೋಗುಮಿಲ್ ಅಂಗಲಾಚಿದ. "ಅಮ್ಮ ತಡ್ಕೊಳ್ಳಲ್ಲ."

"ಡೈರೆಕ್ಟ್ರು ಹೇಳಿದ್ಮೇಲೆ ಮೀರೋಕಾಗತ್ತಾ?" ಅಂದ ಸೆವೆರಿನ್.

ಮಾತೇನೋ ಉಳಿಸಿಕೊಂಡ, ಬರೀ ರಾಗ ನುಡಿಸಿದ. ಆದರೆ ವೋಡ್ಕಾ ಇಳಿದ ಗಂಟಲುಗಳಿಗೆ ಬುದ್ಧಿ ಹೇಳುವವರು ಯಾರು? ಹಿಂದಿನ ಮೇಜಿನಿಂದ ಹಾಡು ಎದ್ದಿತು, ಇಡೀ ಹಾಲ್ ದನಿಗೂಡಿಸಿತು:

"ಕತ್ತಿಗೆ ಟೈ, ಎದುರಿಗೆ ಮೇಜು, ಅಮ್ಮನ ಫೋನಲಿ ಡೈರೆಕ್ಟ್ರು;
ಕೈಯಲಿ ಚೂರಿ, ಕಾಲಲಿ ಬೂಟು, ಮೀನಿಗೆ ಮಾತ್ರ ಡೈರೆಕ್ಟ್ರು!"

ಬೋಗುಮಿಲ್ ಮುಖ ಮುಚ್ಚಿಕೊಂಡ. ತೆಕ್ಲಾ ದೊಡ್ಡಮ್ಮ ಎದ್ದು ನಿಂತರು. ಸೆವೆರಿನ್ ಅಕಾರ್ಡಿಯನ್ ಮಡಚತೊಡಗಿದ.

"ನಿಲ್ಲಿಸ್ಬೇಡಪ್ಪ, ನುಡಿಸು," ಎಂದರು ಸೆವೆರಿನ್‌ಗೆ. ಆಮೇಲೆ ಅದೇ ರಾಗಕ್ಕೆ, ಒಂದು ತಾಳ ತಪ್ಪದೆ ಹಾಡಿದರು:

"ಚರ್ಚಿನ ಮುಂದೆ ಬೆಂಚಲಿ ಕೂತು ಅಮ್ಮಂದಿರ್ ಬುರುಡೆ ಬಿಡ್ತೀವಿ;
ನನ್ನ ಡೈರೆಕ್ಟ್ರಿಗೆ ನೀ ಹೂಂ ಅನ್ನು, ನಿನ್ನ ಡಾಕ್ಟ್ರಿಗೆ ನಾನಂತೀನಿ!"

ಸೆವೆರಿನ್ ಟೋಪಿ ತೆಗೆದ. ಅವನು ಯಾರಿಗೂ ಟೋಪಿ ತೆಗೆದಿದ್ದನ್ನು ನಾನು ಕಂಡಿರಲಿಲ್ಲ.

"ನಿಂಗೆ ಗೊತ್ತಿತ್ತಾ ಅಮ್ಮ?" ಬೋಗುಮಿಲ್ ಮುಖದಿಂದ ಕೈ ತೆಗೆದ.

"ಫೋನ್ ಮಾಡಿದಾಗ್ಲೆಲ್ಲ ಹಿಂದ್ಗಡೆಯಿಂದ ಯಾರಾದ್ರೂ 'ಬೋಗುಮಿಲ್, ಬುಟ್ಟಿ ಎತ್ತೋ' ಅಂತ ಕೂಗೋರು. ಗೊತ್ತಾಗ್ದೆ ಇರತ್ತೇನೋ ಪೆದ್ದ?"

ಹಾಲ್‌ನಲ್ಲಿ ನಗು ಎದ್ದಿತು, ಆದರೆ ಬೇಗ ಇಳಿಯಿತು. ಅಲ್ಲಿದ್ದ ಎಲ್ಲರಿಗೂ ಒಂದಲ್ಲ ಒಂದು ಊರಿನ ಬೆಂಚಿನ ಮೇಲೆ ಒಬ್ಬ ಅಮ್ಮ ಇದ್ದಳು. ನಮ್ಮವರು ಇಲ್ಲಿಂದ ಬಿಟ್ಟ ಬುರುಡೆಯನ್ನು ಆ ಹೆಂಗಸರು, ಸುಳ್ಳೆಂದು ಗೊತ್ತಿದ್ದೇ, ಇಷ್ಟು ಕಾಲ ನಮ್ಮ ಮಾನಕ್ಕಾಗಿ ಕಾಪಾಡಿಕೊಂಡು ಬಂದಿದ್ದರು. ಅದರ ಮುಂದೆ ನಮ್ಮ ಹಾಡುಗಳೆಲ್ಲ ಯಾವ ಲೆಕ್ಕ!

ನನಗೆ ತಡೆಯಲಾಗಲಿಲ್ಲ. "ದೊಡ್ಡಮ್ಮ, ಆ ಬೆಂಚಿನ ಮೇಲೆ ನಮ್ಮಮ್ಮ ಏನ್ ಹೇಳ್ತಾಳೆ?"

"ನೀನು ಟೀಚರ್ ಅಂತೆ ಕಣೇ ಯದ್ವಿಗಾ. ಮಕ್ಕಳು ನಿನ್ನ ಬಿಟ್ಟಿರಲ್ವಂತೆ."

ನಾನು ಅಮ್ಮನಿಗೆ ಯಾವತ್ತೂ ಸುಳ್ಳು ಹೇಳಿದವಳಲ್ಲ. ಬಂದ ದಿನವೇ ಮೀನಿನ ಕೆಲಸ ಎಂದು ಫೋನ್ ಮಾಡಿ ತಿಳಿಸಿದ್ದೆ.