ಹಾರ್ಲನ್‌ನ ಐದನೆಯ ರೈಫಲ್

ನಾಲ್ಕು ವರ್ಷಗಳಲ್ಲಿ ಹಾರ್ಲನ್ ಹೌಗೆನ್ ನಾಲ್ಕು ರೈಫಲ್ ಕೊಂಡಿದ್ದ, ನಾಲ್ಕನ್ನೂ ಮಾರಿದ್ದ. ಪ್ರತಿ ಸಲವೂ ಕತೆ ಒಂದೇ. ಅಂಗಡಿಯಲ್ಲಿ ಕಂಡ ತಕ್ಷಣ ಪ್ರೀತಿ, ಮನೆಗೆ ತಂದ ಮೇಲೆ ಒಂದೆರಡು ವಾರ ಎಣ್ಣೆ ಹಚ್ಚಿ ಒರೆಸಿದ್ದೇ ಒರೆಸಿದ್ದು, ಆಮೇಲೆ ಗುರಿ ಅಭ್ಯಾಸದ ರೇಂಜಿನಲ್ಲಿ ಮನಸ್ತಾಪ. ಮೊದಲನೆಯದರ ನಳಿಗೆ ಸವೆದಿದೆ ಎಂದ. ಎರಡನೆಯದು ತೀರಾ ಹಗುರ ಎಂದ. ಮೂರನೆಯದರ ಕುದುರೆ ಬಿಗಿ, ಬೆರಳು ನೋಯುವಷ್ಟು ಎಳೆಯಬೇಕು ಎಂದ. ನಾಲ್ಕನೆಯದರ ಮೇಲೆ ಹೊರಿಸಲು ಯಾವ ದೂರೂ ಸಿಗದೆ, "ಏನೋ ಒಂದು ಸರಿ ಇಲ್ಲ" ಎಂದು ಬೇಕರಿಯ ರಾಸ್ಕೋಗೆ ಅಗ್ಗದಲ್ಲಿ ದಾಟಿಸಿದ.

ಅವನು ಹೀಗೆ ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಡ್ರೈ ಫೋರ್ಕ್ ಊರಿನಲ್ಲಿ ಮೂವತ್ತು ವರ್ಷದಿಂದ ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು ಬಂದವನು ಅವನು. ಓಡುವ ಎಂಜಿನ್ನಿನ ಪಕ್ಕ ಎರಡು ನಿಮಿಷ ಕಣ್ಣು ಮುಚ್ಚಿ ನಿಂತರೆ ಕಾಯಿಲೆ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದ. ಯಂತ್ರ ಕೆಟ್ಟರೆ ಯಂತ್ರದಲ್ಲೇ ಎಲ್ಲೋ ತಪ್ಪಿರುತ್ತದೆ, ಹುಡುಕಿದರೆ ಸಿಗುತ್ತದೆ: ಇದು ಅವನ ಧರ್ಮ.

ರಾಸ್ಕೋ ಆ ನಾಲ್ಕನೆಯ ರೈಫಲನ್ನು ಮುಂದಿನ ಶನಿವಾರವೇ ರೇಂಜಿಗೆ ತಂದ. ಜೊತೆಗೆ ದಾಲ್ಚಿನ್ನಿ ಹಾಕಿದ ಬನ್ನುಗಳ ಒಂದು ಡಬ್ಬ. ಬೆರಳಿಗಂಟಿದ ಸಕ್ಕರೆಯನ್ನು ನೆಕ್ಕಿ, ಪ್ಯಾಂಟಿಗೆ ಒರೆಸಿ, ಮೇಜಿಗೆ ಒರಗಿ ಮೂರು ಗುಂಡು ಹಾರಿಸಿದ. ನೂರು ಗಜ ದೂರದ ಗುರಿಯ ಕಾಗದದಲ್ಲಿ ಮೂರೂ ತೂತುಗಳನ್ನು ಒಂದು ಬಿಸ್ಕತ್ತಿನಿಂದ ಮುಚ್ಚಬಹುದಿತ್ತು.

"ಹಾರ್ಲನ್, ಇದರಲ್ಲಿ ಏನೋ ಸರಿ ಇಲ್ಲ ಅಂದಿದ್ಯಲ್ಲ, ಅದೇನು ಅಂತ ಈಗ ಗೊತ್ತಾಯ್ತು ನೋಡು" ಎಂದ ರಾಸ್ಕೋ.

"ಏನು?"

"ಮೊದಲಿನ ಯಜಮಾನ."

ಸಾಲಿನಲ್ಲಿ ಕೂತಿದ್ದವರೆಲ್ಲ ನಕ್ಕರು. ಹಾರ್ಲನ್ನೂ ನಕ್ಕ. ಆದರೆ ಕೈಯಲ್ಲಿದ್ದ ಅರ್ಧ ಬನ್ನನ್ನು ಮೇಜಿನ ಮೇಲಿಟ್ಟುಬಿಟ್ಟ.

ಐದನೆಯದು ಅವನ ಕಣ್ಣಿಗೆ ಬಿದ್ದದ್ದು ಮೇ ತಿಂಗಳಲ್ಲಿ. ಹೆದ್ದಾರಿ ಪಕ್ಕದ ಬಂದೂಕಿನಂಗಡಿಯ ಗೋಡೆಯಲ್ಲಿ, ಯಾರೋ ಮಾರಲು ಇಟ್ಟುಹೋದ ಹಳೆಯ ಸರಕಿನ ನಡುವೆ ಅದು ನಿಂತಿತ್ತು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯವರು ಇಟ್ಟುಕೊಳ್ಳುವಂಥ ದೊಡ್ಡ ಗುಂಡಿನ ರೈಫಲ್. ಅಕ್ರೋಟು ಮರದ ಹಿಡಿ, ಮರದ ಗೆರೆಗಳು ಜೇನು ಹರಿದ ಹಾಗೆ. ಹಾರ್ಲನ್ ಅದನ್ನು ಕೈಗೆತ್ತಿಕೊಂಡು ತೋಟಾ ಕೂರಿಸುವ ಬೋಲ್ಟನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದ. ಬೆಣ್ಣೆಯಲ್ಲಿ ಚಾಕು ಆಡಿದಂತೆ ಆಡಿತು. ಅಲ್ಲಿಗೆ ಮುಗಿಯಿತು.

"ಇದು ಒದೆಯುತ್ತೆ, ಮೊದಲೇ ಹೇಳಿರ್ತೀನಿ" ಎಂದ ಅಂಗಡಿಯವನು, ಕಾಗದಪತ್ರ ತುಂಬಿಸುತ್ತ.

"ಒದೀಲಿ ಬಿಡು. ನಾನೇನು ಸಕ್ಕರೆ ಗೊಂಬೆಯಾ?"

ಮನೆಯಲ್ಲಿ ಹೆಂಡತಿ ಬರ್ನೀಸ್ ಅದನ್ನು ನೋಡಿ, "ಚೆನ್ನಾಗಿದೆ. ಇದನ್ನ ಯಾವಾಗ ಮಾರ್ತೀಯ?" ಎಂದಳಷ್ಟೆ. ಅವಳದು ಜಗಳದ ಸ್ವಭಾವವಲ್ಲ. ಅವಳ ಪಾಡಿಗೆ ಅವಳಿಗೆ ಹೊಲಿಗೆ ಯಂತ್ರಗಳ ಹುಚ್ಚಿತ್ತು. ಎರಡು ಹುಚ್ಚುಗಳೂ ಒಂದೇ ಸೂರಿನಡಿ ರಾಜಿಯಲ್ಲಿದ್ದವು.

ಜೂನ್ ತಿಂಗಳ ಮೊದಲ ಶನಿವಾರ ಹಾರ್ಲನ್ ಅದನ್ನು ರೇಂಜಿಗೆ ಒಯ್ದ. ತಗಡಿನ ಚಪ್ಪರದ ಕೆಳಗೆ ಹತ್ತು ಸಿಮೆಂಟಿನ ಮೇಜುಗಳು, ಎದುರಿಗೆ ಹುಲ್ಲು ಬಯಲು, ಅದರಾಚೆ ಗುಂಡು ನುಂಗುವ ಮಣ್ಣಿನ ದಿಬ್ಬ. ಬಿಲದ ಅಳಿಲುಗಳು ಎರಡು ಗುಂಡುಗಳ ನಡುವಿನ ಬಿಡುವಿನಲ್ಲಿ ಹೊರಬಂದು, ಎದ್ದು ನಿಂತು, ಯಾರು ಹೇಗೆ ಹೊಡೆಯುತ್ತಿದ್ದಾರೆಂದು ನೋಡಿ ಒಳಹೋಗುತ್ತಿದ್ದವು. ಇದೆಲ್ಲದರ ಉಸ್ತುವಾರಿ ವಿಲ್ಮಾ ಕ್ರಾಂಟ್ಸ್‌ಳದು. ಎಪ್ಪತ್ತೆರಡು ವರ್ಷದ ಆಕೆ ಮೊದಲು ಸ್ಕೂಲ್ ಬಸ್ ಓಡಿಸುತ್ತಿದ್ದವಳು. ಅರವತ್ತು ಮಕ್ಕಳನ್ನು ಒಂದೇ ಕೂಗಿಗೆ ಕೂರಿಸಿದ ಗಂಟಲು ಅದು. "ಗುಂಡು ನಿಲ್ಲಿಸಿ!" ಎಂದು ಕೂಗಿ ಕೆಂಪು ಬಾವುಟ ಏರಿಸಿದಳೆಂದರೆ ಷೆರಿಫನಾದರೂ ಸರಿ, ಬಂದೂಕು ಕೆಳಗಿಟ್ಟು ಎದ್ದು ನಿಲ್ಲಬೇಕು.

ಹಾರ್ಲನ್ ಮರಳುಚೀಲದ ಮೇಲೆ ರೈಫಲ್ ಊರಿ, ಕಿವಿಗೆ ಮುಚ್ಚಳ ಹಾಕಿ, ನಳಿಗೆಯ ಮೇಲೆ ಕೂರಿಸಿದ ದುರ್ಬೀನಿನೊಳಗೆ ಕಣ್ಣಿಟ್ಟು ಕುದುರೆ ಎಳೆದ. ಹೆಗಲಿಗೆ ಹೇಸರಗತ್ತೆ ಒದ್ದಂತಾಯಿತು. ಮತ್ತೆ ಎಳೆದ, ಮತ್ತೆ ಒದ್ದಿತು. ಐದು ಗುಂಡಾದ ಮೇಲೆ ಕಾಗದ ತಂದು ನೋಡಿದರೆ, ಬಟಾಣಿ ಬಿತ್ತಿದ ಹಾಗೆ ಮೇಲೊಂದು ಕೆಳಗೊಂದು ತೂತು. ಒಂದಂತೂ ಕಾಗದದಲ್ಲೇ ಇರಲಿಲ್ಲ.

ದುರ್ಬೀನಿನ ಸ್ಕ್ರೂಗಳನ್ನು ಬಿಗಿ ಮಾಡಿದ. ಹೊಡೆದ. ಬೇರೆ ಡಬ್ಬದ ತೋಟಾ ಹಾಕಿದ. ಹೊಡೆದ. ನಳಿಗೆಯನ್ನು ಒರೆಸಿ, ತಣ್ಣಗಾಗಲು ಬಿಟ್ಟು, ಕಾಫಿ ಕುಡಿದು ಹೊಡೆದ. ಬಟಾಣಿ ಹೊಲ ಬೆಳೆಯುತ್ತಲೇ ಹೋಯಿತು.

"ಗಾಳಿ ಇದೆ" ಎಂದ ಯಾರನ್ನೂ ನೋಡದೆ.

"ಹೂಂ, ಇದೆ" ಎಂದ ಪಕ್ಕದ ಮೇಜಿನಿಂದ ರಾಸ್ಕೋ. "ನಿನ್ನ ಮೇಜಿನ ಮೇಲೆ ಮಾತ್ರ."

ಅಷ್ಟು ಹೊತ್ತೂ ಹಿಂದೆ ಕೈಕಟ್ಟಿ ನೋಡುತ್ತಿದ್ದ ವಿಲ್ಮಾ ಹತ್ತಿರ ಬಂದಳು. "ಹಾರ್ಲನ್, ಒಂದು ಕೆಲಸ ಮಾಡೋಣ. ನೀನು ಬರೀ ಹೊಡಿ. ತೋಟಾ ನಾನು ತುಂಬಿ ಕೊಡ್ತೀನಿ. ನಿನ್ನ ತಲೆಯಲ್ಲಿ ಬೇರೆ ಯೋಚನೆ ಬೇಡ."

"ಅದರಿಂದ ಏನಾಗುತ್ತೆ ವಿಲ್ಮಾ?"

"ಏನೂ ಆಗಲ್ಲ. ವಯಸ್ಸಾದೋಳು ಹೇಳಿದ್ದನ್ನ ಒಂದ್ಸಲ ಕೇಳು."

ಆಕೆ ಬೆನ್ನು ತಿರುಗಿಸಿಕೊಂಡು ತುಂಬಿ ಕೊಟ್ಟಳು. ಅವನು ಎಳೆದ. ಢಂ. ಮತ್ತೆ ತುಂಬಿ ಕೊಟ್ಟಳು. ಢಂ. ಮೂರನೆಯ ಸಲ ಬೋಲ್ಟ್ ಮುಚ್ಚಿ ಕೊಟ್ಟಾಗ ಹಾರ್ಲನ್ ಉಸಿರು ಹಿಡಿದು, ಗುರಿಯ ನಟ್ಟನಡುವೆ ಕಣ್ಣಿಟ್ಟು, ಎಳೆದ.

ಟಕ್.

ತೋಟಾ ಇರಲೇ ಇಲ್ಲ. ಗುಂಡು ಹಾರಲಿಲ್ಲ, ರೈಫಲ್ ಒದೆಯಲಿಲ್ಲ. ಆದರೂ ಹಾರ್ಲನ್‌ನ ಎರಡು ಕಣ್ಣೂ ಗಪ್ಪನೆ ಮುಚ್ಚಿದವು, ಹೆಗಲು ಮುಂದಕ್ಕೆ ನುಗ್ಗಿತು, ನಳಿಗೆಯ ತುದಿ ನೀರು ಕುಡಿಯುವ ಕೋಳಿಯ ಹಾಗೆ ಕೆಳಕ್ಕೆ ಬಾಗಿ ಎದ್ದಿತು. ಸಾಲಿನಲ್ಲಿದ್ದ ಏಳು ಜನರೂ ನೋಡಿದರು. ಒಂದು ಅಳಿಲೂ ನೋಡಿತು.

ಯಾರೂ ನಗಲಿಲ್ಲ. ರಾಸ್ಕೋ ಕೂಡ ಬನ್ನಿನ ಡಬ್ಬದೊಳಗೆ ಏನನ್ನೋ ಹುಡುಕತೊಡಗಿದ. ನಕ್ಕಿದ್ದರೇ ಚೆನ್ನಾಗಿತ್ತು ಎಂದು ಹಾರ್ಲನ್‌ಗೆ ಅನಿಸಿತು.

"ಬೆಚ್ತಿದೀಯ ಕಣಯ್ಯಾ" ಎಂದಳು ವಿಲ್ಮಾ, ತಗ್ಗಿದ ದನಿಯಲ್ಲಿ. ಆಕೆಗೆ ತಗ್ಗಿದ ದನಿ ಒಂದಿದೆ ಎನ್ನುವುದೇ ಆ ದಿನ ಗೊತ್ತಾದದ್ದು. "ಗುಂಡು ಹಾರೋದಕ್ಕೆ ಮುಂಚೆನೇ ಮೈ ಹೆದರಿಕೊಳ್ಳುತ್ತೆ. ಎಲ್ರಿಗೂ ಆಗುತ್ತೆ. ಹುಬ್ಬಿನ ಮೇಲೆ ಅದೇನು ಗಾಯ?"

ಅದು ಎರಡನೆಯ ರೈಫಲಿನ ಕಾಣಿಕೆ. ಹಗುರವಾದ ಆ ರೈಫಲ್ ಒಂದು ದಿನ ಹಿಂದಕ್ಕೆ ಹಾರಿ, ದುರ್ಬೀನಿನ ಉಂಗುರ ಹುಬ್ಬಿಗೆ ಬಡಿದು ಏಳು ಹೊಲಿಗೆ ಬಿದ್ದಿದ್ದವು. ಅವನು ಅದನ್ನು ತಮಾಷೆ ಮಾಡಿಕೊಂಡು ಊರೆಲ್ಲ ಹೇಳಿಕೊಂಡು ತಿರುಗಿದ್ದ. ಅವನ ಮೈ ಮಾತ್ರ ಅದನ್ನು ತಮಾಷೆ ಎಂದುಕೊಂಡಿರಲಿಲ್ಲ.

ಆ ದಿನ ಮನೆಗೆ ಹೋಗುವ ದಾರಿಯಲ್ಲಿ ಹಾರ್ಲನ್ ಟ್ರಕ್ಕಿನ ರೇಡಿಯೋ ಹಾಕಲಿಲ್ಲ. ಮೂವತ್ತು ವರ್ಷ ರೈತರಿಗೆಲ್ಲ "ಗಾಡಿಯದೇನೂ ತಪ್ಪಿಲ್ಲ, ಓಡಿಸೋನದ್ದು" ಎಂದು ಎಷ್ಟು ಸಲ ಹೇಳಿರಬಹುದೆಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟ. ಬರ್ನೀಸ್‌ಗೆ ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದ.

"ಸದ್ಯ!" ಎಂದಳು ಅವಳು. "ರೈಫಲ್ ಮಾರೋಕ್ಕಿಂತ ನಿನ್ನ ರಿಪೇರಿ ಮಾಡೋದು ಅಗ್ಗ ಬಿಡು. ಏನು ಮಾಡ್ಬೇಕಂತೆ?"

ವಿಲ್ಮಾ ಹೇಳಿದ ಮದ್ದು ಸುಲಭದ್ದು, ಬೇಸರದ್ದು. ಮನೆಯ ನೆಲಮಾಳಿಗೆಯಲ್ಲಿ, ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡ ರೈಫಲನ್ನು ಗೋಡೆಯತ್ತ ಹಿಡಿಯಬೇಕು. ನಳಿಗೆಯ ತುದಿಯಲ್ಲಿ ಒಂದು ಕಾಲು ಡಾಲರಿನ ನಾಣ್ಯ ಇಡಬೇಕು. ಕುದುರೆ ಎಳೆದಾಗ ನಾಣ್ಯ ಬೀಳಬಾರದು. ದಿನಕ್ಕೆ ಐವತ್ತು ಸಲ. ನಾಣ್ಯ ಇಡುವ ಕೆಲಸ ಬರ್ನೀಸ್‌ಳದಾಯಿತು. ಊಟಕ್ಕೆ ಮೊದಲು ಅರ್ಧ ಗಂಟೆ ಅವಳು ಪಕ್ಕದ ಸ್ಟೂಲಿನ ಮೇಲೆ ಬಟ್ಟೆಯ ಅಂಚು ಹೊಲಿಯುತ್ತ ಕೂತು ತೀರ್ಪು ಕೊಡುತ್ತಿದ್ದಳು.

"ಬಿತ್ತು."

ಟಕ್.

"ಬಿತ್ತು. ಉಸಿರು ಬಿಡೋ, ನೀಲಿ ಆಗ್ತಿದೀಯ."

ಟಕ್.

"ಬಿತ್ತು. ಇದು ಬೀರು ಕೆಳಗೇ ಹೋಯ್ತು. ನೀನೇ ಬಗ್ಗು."

ಮೊದಲ ವಾರ ಐವತ್ತಕ್ಕೆ ನಲವತ್ತೈದು ಬಿದ್ದವು. ಜುಲೈ ಕೊನೆಗೆ ಹತ್ತು. ಜೊತೆಗೆ ಮಂಗಳವಾರ ಮಂಗಳವಾರ, ರೇಂಜಿನಲ್ಲಿ ಯಾರೂ ಇಲ್ಲದ ಹೊತ್ತಿಗೆ, ವಿಲ್ಮಾ ಅವನ ಕೈಗೆ ಕ್ಲಬ್ಬಿನ, ಸಣ್ಣ ಗುಂಡಿನ ಪುಟ್ಟ ಇಪ್ಪತ್ತೆರಡರ ರೈಫಲ್ ಕೊಟ್ಟು ಹೊಡೆಸುತ್ತಿದ್ದಳು. ಅದು ಒದೆಯುವುದೇ ಇಲ್ಲ, ಸೀನಿದಷ್ಟು ಸದ್ದು. ಹೊಸಬರಿಗೆ ಕಲಿಸಲು ಇಟ್ಟದ್ದು. ಆರಡಿ ಎರಡಂಗುಲದ ಹಾರ್ಲನ್ ಅದರ ಹಿಂದೆ ಕೂತರೆ ಚಮಚ ಹಿಡಿದ ಕರಡಿಯ ಹಾಗೆ ಕಾಣುತ್ತಿದ್ದ. ಆದರೆ ಕಾಗದದ ಮೇಲಿನ ತೂತುಗಳು ವಾರದಿಂದ ವಾರಕ್ಕೆ ಹತ್ತಿರ ಬಂದವು. ಆಗಸ್ಟ್ ಮುಗಿಯುವ ಹೊತ್ತಿಗೆ ನಾಣ್ಯ ಬೀಳುವುದು ನಿಂತಿತು. ಒಂದು ಸಂಜೆ ಐವತ್ತಕ್ಕೆ ಐವತ್ತೂ ನಿಂತಾಗ ಬರ್ನೀಸ್ ಎದ್ದು ಅವನ ಬೋಳುತಲೆಗೊಂದು ಮುತ್ತು ಕೊಟ್ಟು ಊಟ ಬಡಿಸಲು ಹೋದಳು.

ಸೆಪ್ಟೆಂಬರಿನ ಎರಡನೆಯ ಶನಿವಾರ ಹಾರ್ಲನ್ ಐದನೆಯ ರೈಫಲನ್ನು ಮತ್ತೆ ಹೊರತೆಗೆದ. ಬೇಟೆಯ ಕಾಲ ಹತ್ತಿರ ಬಂದು ರೇಂಜ್ ತುಂಬಿತ್ತು. ಮೇಜಿಗೆ ಕೂತ, ಉಸಿರು ಬಿಟ್ಟ, ಎಳೆದ. ಹೇಸರಗತ್ತೆ ಒದ್ದಿತು, ಇವನ ಕಣ್ಣು ಮಿಟುಕಲಿಲ್ಲ. ಐದು ಗುಂಡೂ ಹಾಗೆಯೇ. ಮನಸ್ಸು ಎಷ್ಟು ಹಗುರವಾಯಿತೆಂದರೆ, ಕೆಂಪು ಬಾವುಟ ಏರಿದ ಮೇಲೆ ಕಾಗದದ ಕಡೆಗೆ ಸಿಳ್ಳೆ ಹಾಕಿಕೊಂಡು ನಡೆದ.

ಬಟಾಣಿ.

ಮೇಲೊಂದು, ಕೆಳಗೊಂದು, ಬಲಕ್ಕೊಂದು. ಹಾರ್ಲನ್ ಕಾಗದವನ್ನು ಕಿತ್ತು ಕೈಗೆತ್ತಿಕೊಂಡ. ನಾಣ್ಯ, ನೆಲಮಾಳಿಗೆ, ಮಂಗಳವಾರಗಳು ಎಲ್ಲ ಎದುರಿಗೆ ಬಂದವು. ತನಗೆ ಇದು ಒಗ್ಗುವುದಿಲ್ಲ, ಮೀನು ಹಿಡಿಯುವುದಕ್ಕೆ ಹೋಗುವುದೇ ವಾಸಿ ಎಂದುಕೊಳ್ಳುತ್ತ ಮೇಜಿಗೆ ವಾಪಸಾದ.

ವಿಲ್ಮಾ ಕಾಗದ ನೋಡಿದಳು, ಅವನ ಮುಖ ನೋಡಿದಳು. "ನೀನು ಬೆಚ್ಚಲಿಲ್ಲ. ನಾನು ನೋಡ್ತಿದ್ದೆ. ಏಳು, ಜಾಗ ಬಿಡು."

ಬಾವುಟ ಇಳಿದ ಮೇಲೆ ಆಕೆ ತಾನೇ ಕೂತು ಐದು ಗುಂಡು ಹಾರಿಸಿದಳು. ನಲವತ್ತು ವರ್ಷದ ಅಭ್ಯಾಸದ ಕೈ. ಆ ತೆಳ್ಳನೆಯ ಹೆಗಲು ಪ್ರತಿ ಒದೆತಕ್ಕೂ ಒಂದಿಷ್ಟು ಹಿಂದೆ ಹೋಗಿ ಬಂತು, ಅಷ್ಟೆ. ಮುಂದಿನ ಬಿಡುವಿನಲ್ಲಿ ಕಾಗದ ತಂದರೆ ಆಕೆಯದೂ ಬಟಾಣಿಯೇ.

ವಿಲ್ಮಾ ಕನ್ನಡಕ ತೆಗೆದು ಒರೆಸಿಕೊಂಡಳು. "ಹಾರ್ಲನ್, ಇದು ನಿಂದಲ್ಲ ಕಣೋ. ಈ ಮುಂಡೇದು ನಿಜವಾಗ್ಲೂ ಕೆಟ್ಟಿದೆ."

ಹಾರ್ಲನ್‌ನ ಮುಖ ಅರಳಿದ್ದನ್ನು ಕಂಡು, ಯಾರಿಗೋ ಮಗು ಹುಟ್ಟಿತೇನೋ ಎಂದುಕೊಂಡರಂತೆ ಪಕ್ಕದವರು. ರೈಫಲನ್ನು ಎತ್ತಿಕೊಂಡು ತನ್ನ ಟ್ರಕ್ಕಿನ ಹಿಂಬಾಗಿಲಿಗೆ ಹೋದ. ಅಲ್ಲಿ ಅವನ ಸಾಮ್ರಾಜ್ಯವೇ ಇತ್ತು: ಸಾಮಾನಿನ ಪೆಟ್ಟಿಗೆ, ಕಬ್ಬಿಣವನ್ನು ಕಚ್ಚಿ ಹಿಡಿಯುವ ಪುಟ್ಟ ವೈಸ್, ಅರಗಳು. ನಳಿಗೆಯನ್ನು ಮರಕ್ಕೆ ಬಿಗಿಯುವ ಸ್ಕ್ರೂಗಳನ್ನು ಬಿಚ್ಚಿದ. ಹಿಂದಿನದು ಸರಿ ಇತ್ತು. ಮುಂದಿನದನ್ನು ಅಂಗೈ ಮೇಲಿಟ್ಟು ನೋಡಿ ನಗಲು ಶುರು ಮಾಡಿದ.

"ಏನೋ ಅದು?" ಎಂದು ರಾಸ್ಕೋ ಕುತ್ತಿಗೆ ಚಾಚಿದ.

"ಹಾರ್ಡ್‌ವೇರ್ ಅಂಗಡಿ ಸ್ಕ್ರೂ ಮಾರಾಯ! ಇದರ ಮೊದಲಿನ ಯಜಮಾನ ಹಳೇದನ್ನ ಎಲ್ಲೋ ಕಳಕೊಂಡು, ಸಿಕ್ಕಿದ್ದನ್ನ ತುರುಕಿದಾನೆ. ಎರಡು ಸುತ್ತು ಉದ್ದ. ತುದಿ ಒಳಗೆ ತಳಕ್ಕೆ ತಾಗುತ್ತೆ, ತಿರುಗಿಸೋನಿಗೆ ಬಿಗಿಯಾಯ್ತು ಅನ್ಸುತ್ತೆ. ಆದ್ರೆ ಮರಕ್ಕೂ ಕಬ್ಬಿಣಕ್ಕೂ ಮಧ್ಯೆ ಸಡಿಲ ಇದ್ದೇ ಇದೆ. ಒಂದೊಂದು ಗುಂಡಿಗೂ ಅದು ಒಂದೊಂದು ಕಡೆ ಕೂತ್ಕೊಳ್ಳುತ್ತೆ."

"ಮೂರು ತಿಂಗಳು ನಾಣ್ಯ ಬೀಳಿಸೋ ಬದಲು ಇದನ್ನ ಮೊದಲೇ ನೋಡಬಾರದಿತ್ತೇನೋ?"

"ನೋಡಿದ್ರೆ ಸ್ಕ್ರೂ ಸರಿಹೋಗ್ತಿತ್ತು. ನಾನು ಹಾಗೇ ಇರ್ತಿದ್ದೆ" ಎಂದ ಹಾರ್ಲನ್, ಅರ ಉಜ್ಜುತ್ತ.

ಹತ್ತು ನಿಮಿಷದ ಕೆಲಸ. ಸ್ಕ್ರೂ ಗಿಡ್ಡ ಮಾಡಿ, ತುದಿ ನಯ ಮಾಡಿ, ಬಿಗಿದ. ಈಗ ಮರ ಕಬ್ಬಿಣವನ್ನು ಅಪ್ಪಿಕೊಂಡು ಕೂತಿತು. ಮೇಜಿಗೆ ಬಂದು, ದುರ್ಬೀನಿನ ಗುರಿ ತಿದ್ದಲು ನಾಲ್ಕೈದು ಗುಂಡು ಖರ್ಚು ಮಾಡಿ, ಬಿಡುವಿನಲ್ಲಿ ಹೊಸ ಕಾಗದ ಅಂಟಿಸಿ ಬಂದು, ಮೂರು ಹೊಡೆದ.

ದುರ್ಬೀನಿನಲ್ಲಿ ಕಂಡದ್ದು ಒಂದೇ ತೂತು. ಉಳಿದೆರಡು ಕಾಗದ ಬಿಟ್ಟು ದಿಬ್ಬಕ್ಕೆ ಹೋದವೇನೋ ಎಂದು ಮತ್ತೆ ಮತ್ತೆ ಇಣುಕಿ ನೋಡಿದ. ವಿಲ್ಮಾ "ಗುಂಡು ನಿಲ್ಲಿಸಿ!" ಎಂದು ಕೂಗಿದಳು. ಬಾವುಟ ಏರಿತು. ಹತ್ತು ಜನ ಹುಲ್ಲಿನ ಮೇಲೆ ತಂತಮ್ಮ ಕಾಗದಗಳ ಕಡೆಗೆ ನಡೆದರು. ಈ ಸಲ ಹಾರ್ಲನ್ ಸಿಳ್ಳೆ ಹಾಕಲಿಲ್ಲ.

ಹತ್ತಿರ ಹೋದಾಗ ಕಂಡಿತು. ತೂತು ಒಂದೇ ಅಲ್ಲ. ಮೂರೂ ಒಂದರ ಅಂಚನ್ನು ಒಂದು ಕಚ್ಚಿಕೊಂಡು ಮೂರೆಲೆಯ ಸೊಪ್ಪಿನ ಆಕಾರ ಮಾಡಿದ್ದವು. ಹಾರ್ಲನ್ ಅದರ ಮೇಲೆ ಹೆಬ್ಬೆರಳಿಟ್ಟ. ಹೆಬ್ಬೆರಳು ಮುಚ್ಚಿತು.

ರಾಸ್ಕೋ ಬಂದು ಬಗ್ಗಿ ನೋಡಿದ. ಚುಚ್ಚಿ ಮಾತಾಡಲು ಏನಾದರೂ ಹುಡುಕಿದ, ಸಿಗಲಿಲ್ಲ. "ಈ ರೈಫಲ್ ಮಾರೋದಾದ್ರೆ ಮೊದಲು ನನಗೆ ಹೇಳು" ಎಂದ ಕೊನೆಗೆ.

"ಬೇಕರಿ ಮಾರೋದಾದ್ರೆ ನೀನು ಹೇಳು" ಎಂದ ಹಾರ್ಲನ್.

"ಏನ್ರೋ ಅಲ್ಲಿ, ಮದುವೆ ಮನೆ ಅಂದ್ಕೊಂಡ್ರಾ?" ಹಿಂದಿನಿಂದ ವಿಲ್ಮಾಳ ದನಿ ದಿಬ್ಬಕ್ಕೆ ಬಡಿದು ವಾಪಸು ಬಂತು. "ಜನ ಕಾಯ್ತಿದಾರೆ, ಬೇಗ ಬನ್ನಿ!"

ಹಾರ್ಲನ್ ಕಾಗದದ ನಾಲ್ಕು ಮೂಲೆಗಳನ್ನೂ ಉಗುರಿನಿಂದ ಮೆಲ್ಲಗೆ ಬಿಡಿಸಿ, ಮಡಚದೆ, ಎರಡೂ ಕೈಯಲ್ಲಿ ಹಿಡಿದುಕೊಂಡು ಅವಸರವಿಲ್ಲದೆ ವಾಪಸು ನಡೆದ.